ಬದನೆಗೆ ಕಾವಲು ಕೂತ ಬೇಸಿಗೆ

ಪುಟ್ಟಿ, ಗುಂಡ, ಹೋದ ಭಾನುವಾರ ನೀವಿಬ್ಬರೂ ನನ್ನ ಬೀಜದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಿರಿ. ಅದರೊಳಗಿನ ಸಗಣಿ ಬಿಲ್ಲೆ ನೋಡಿ ಗುಂಡ ಮೂಗು ಹಿಡಿದುಕೊಂಡ. ಪುಟ್ಟಿ ಪಕ್ಕದಲ್ಲಿದ್ದ ಕಾಗದದ ಪೊಟ್ಟಣ ಎತ್ತಿ, "ಅಜ್ಜಿ, ಇದ್ರಲ್ಲಿ ಏನಿದೆ?" ಎಂದಳು. ನಾನು ಕಿತ್ತುಕೊಂಡು ಡಬ್ಬಿ ಮುಚ್ಚಿಬಿಟ್ಟೆ. ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಎದುರಿಗೆ ಕೂತು ಹೇಳುವುದು ನನಗೆ ಯಾವತ್ತೂ ಬಂದದ್ದಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದರಿಂದ ಬರೆಯುವುದು ಬರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಪೊಟ್ಟಣದಲ್ಲಿರುವುದು ನಾನು ಒಬ್ಬಳ ಮೇಲೆ ತಪ್ಪು ಹೊರಿಸಲು ಕೂಡಿಟ್ಟ ಸಾಕ್ಷಿ.

ಆಗ ನೀವು ಚಿಕ್ಕವರು. ಬಸವೇಶ್ವರನಗರದ ಈ ಮನೆಯಲ್ಲಿ ನಿಮ್ಮ ತಾತ ಇಲ್ಲವಾಗಿ ಎರಡು ವರ್ಷವಾಗಿತ್ತು. ನಿಮ್ಮಪ್ಪ ಅಮ್ಮ ಬಂದು ನನ್ನ ಜೊತೆ ಮೇಲಿನ ಮನೆಯಲ್ಲಿದ್ದರು. ಕೆಳಗಿನ ಮನೆ ಬಾಡಿಗೆಗೆ ಕೊಟ್ಟಿತ್ತು. ಎಲ್ಲರಿಗೂ ಸೇರಿದ ತಾರಸಿಗೆ ಒಂದು ಕಬ್ಬಿಣದ ಬಾಗಿಲು, ಅದಕ್ಕೊಂದು ಬೀಗ. ಬೀಗವನ್ನು ಯಾರೂ ಹಾಕುತ್ತಿರಲಿಲ್ಲ.

ನನ್ನ ತವರು ತುಮಕೂರಿನಿಂದ ಆಚೆ. ಅಲ್ಲಿ ನಮ್ಮವ್ವ ಒಂದು ಬದನೆ ಬೆಳೆಯುತ್ತಿದ್ದಳು. ಗಿಳಿ ಹಸಿರು, ಮೈಮೇಲೆ ಬಿಳಿ ಗೀರು, ತೊಟ್ಟಿನ ತುಂಬ ಮುಳ್ಳು. ಎಣ್ಣೆಗಾಯಿ ಮಾಡಿದರೆ ಬೆಣ್ಣೆಯ ಹಾಗೆ ಕರಗುತ್ತಿತ್ತು. ಪ್ರತಿ ವರ್ಷ ಒಂದು ಕಾಯಿಯನ್ನು ಕೀಳದೆ ಗಿಡದಲ್ಲೇ ಹಳದಿಯಾಗಲು ಬಿಡುತ್ತಿದ್ದಳು. ಆಮೇಲೆ ಬೀಜ ತೊಳೆದು, ಒಣಗಿಸಿ, ಬೂದಿ ಬೆರೆಸಿ, ಹಸಿ ಸಗಣಿಯಲ್ಲಿ ಕಲಸಿ ರೊಟ್ಟಿ ತಟ್ಟಿದ ಹಾಗೆ ತಟ್ಟಿ ಅಡಿಗೆಮನೆ ಗೋಡೆಗೆ ಹಚ್ಚುತ್ತಿದ್ದಳು. ಹುಳು ಮುಟ್ಟುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಬಿಲ್ಲೆ ಕಿತ್ತು ಪುಡಿ ಮಾಡಿ ಸಸಿ ಎಬ್ಬಿಸುವ ಒಟ್ಲು ಪಾತಿಗೆ ಚೆಲ್ಲುತ್ತಿದ್ದಳು.

ಅವ್ವ ಹೋದ ಮೇಲೆ ನನ್ನ ತಮ್ಮ ಅಂಗಡಿಯ ಹೈಬ್ರಿಡ್ ಬೀಜಕ್ಕೆ ತಿರುಗಿದ. ಅವನ ತಪ್ಪಲ್ಲ, ಮಾರುಕಟ್ಟೆಯಲ್ಲಿ ನೇರಳೆ ಬದನೆಯನ್ನೇ ಕೇಳುತ್ತಾರೆ. ಅವನ ಅಡಿಗೆಮನೆಗೆ ಟೈಲ್ಸ್ ಹಾಕಿಸುವ ದಿನ ನಾನು ಅಲ್ಲಿದ್ದೆ. ಗಾರೆಯವನು ಗೋಡೆ ಕೆರೆಯುತ್ತ ಬಂದು ಅವ್ವನ ಕೊನೆಯ ಬಿಲ್ಲೆಗೆ ಕರಣೆ ಇಟ್ಟ. ಇನ್ನೊಬ್ಬರ ಮನೆಯ ಕೆಲಸದಲ್ಲಿ ಬಾಯಿ ಹಾಕದ ನಾನು ಅವತ್ತು "ನಿಲ್ಸಪ್ಪಾ!" ಎಂದು ಕೂಗಿಬಿಟ್ಟೆ. ಅರ್ಧ ಬಿಲ್ಲೆ ಉಳಿಯಿತು. ಸೆರಗಿನಲ್ಲಿ ಕಟ್ಟಿಕೊಂಡು ಬೆಂಗಳೂರಿಗೆ ಬಂದೆ.

ಒಡೆದು ನೋಡಿದರೆ ಗಟ್ಟಿ ಬೀಜ ಹನ್ನೊಂದು. ಮೊಳೆತದ್ದು ನಾಲ್ಕು. ಒಂದನ್ನು ಪಾರಿವಾಳ ಕುಕ್ಕಿತು. ಉಳಿದ ಮೂರನ್ನು ಮೂರು ಪೇಂಟ್ ಬಕೆಟ್‌ಗಳಲ್ಲಿ ನೆಟ್ಟೆ. ಈ ಮೂರೂ ಕಾಯಿ ಬಿಡದೆ ಸತ್ತರೆ ಅವ್ವನ ಬದನೆ ಇನ್ನೆಲ್ಲೂ ಇಲ್ಲ. ಆ ಬೇಸಿಗೆಯಿಡೀ ನನ್ನ ತಲೆಯಲ್ಲಿದ್ದದ್ದು ಇದೊಂದೇ.

ನನಗೆ ಮೊದಲಿನಿಂದಲೂ ಪೇಟೆಯ ಗೊಬ್ಬರದ ಮೇಲೆ ನಂಬಿಕೆಯಿಲ್ಲ. ನರ್ಸರಿಯಿಂದ ನಿಮ್ಮಮ್ಮ ಒಂದು ಚೀಲ ಗೊಬ್ಬರ ತಂದಳು. ಕೈಹಾಕಿದರೆ ಒಂದು ಪ್ಲಾಸ್ಟಿಕ್ ಚೂರು, ಒಂದು ಶಾಂಪೂ ಪೊಟ್ಟಣದ ಮೂಲೆ. ಮೂಸಿದರೆ ವಾಸನೆಯೇ ಇಲ್ಲ. ವಾಸನೆಯಿಲ್ಲದ ಗೊಬ್ಬರ ಎಂಥ ಗೊಬ್ಬರ? ಕಾಮಾಕ್ಷಿಪಾಳ್ಯದಲ್ಲಿ ಹಸು ಕಟ್ಟಿದವರೊಬ್ಬರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ನೋಡಿದೆ. ಹಸು ಸಿನಿಮಾ ಪೋಸ್ಟರು ಅಗಿಯುತ್ತಿತ್ತು. ಹಾಗೇ ವಾಪಸು ಬಂದೆ.

"ಅಮ್ಮಾ, ಸಗಣಿಗೂ ಆಧಾರ್ ಕಾರ್ಡ್ ಕೇಳ್ತೀಯಲ್ಲ ನೀನು!" ಎಂದು ನಿಮ್ಮಮ್ಮ ನಕ್ಕಳು.

ಕೊನೆಗೆ ನಾನು ನಂಬಿದ್ದು ಕಡಲೆಕಾಯಿ ಹಿಂಡಿಯನ್ನು. ಮಾಗಡಿ ರಸ್ತೆಯ ಬದಿಯಲ್ಲಿ ಒಂದು ಎಣ್ಣೆ ಗಾಣದ ಅಂಗಡಿಯಿತ್ತು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ನನ್ನ ಕಣ್ಣೆದುರಿಗೇ ಬೀಳುತ್ತಿತ್ತು. ಊರಿನಲ್ಲಿ ಅಪ್ಪ ಬದನೆ ಬುಡಕ್ಕೆ ಅದನ್ನೇ ಒಂದೊಂದು ಹಿಡಿ ಹಾಕಿಸುತ್ತಿದ್ದರು. ನಾನು ಹಿಂಡಿ ತಂದು ಮಡಕೆಯಲ್ಲಿ ನೆನೆಹಾಕಿ, ಹುಳಿ ಬಂದ ಮೇಲೆ ಆ ನೀರನ್ನು ಗಿಡಗಳಿಗೆ ಹೊಯ್ಯುತ್ತಿದ್ದೆ. ಅದರ ನಾತಕ್ಕೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ನಾತದಲ್ಲಿ ನೆಮ್ಮದಿಯಿತ್ತು.

ಈಗ ಕೆಳಗಿನ ಮನೆಯವಳ ವಿಷಯ. ನಲವತ್ತು ದಾಟಿದ ಹೆಂಗಸು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಕೆಲಸ. ಗಂಡ ಆಟೋ ಓಡಿಸುತ್ತಿದ್ದ. ಅವಳ ಬಾಯಿಗೆ ಬಿಡುವಿಲ್ಲ, ನನ್ನ ಬಾಯಿಗೆ ಕೆಲಸವಿಲ್ಲ. ಒಂದು ದಿನ ಬಟ್ಟೆ ಒಣಗಿಸಲು ಬಂದವಳು ಗಿಡಗಳ ಮುಂದೆ ನಿಂತಳು.

"ಅಮ್ಮಾ, ಗಿಡದ ಹತ್ರ ಗಂಟೆಗಟ್ಲೆ ಪಿಸುಪಿಸು ಅಂತೀರಾ. ನನ್ ಹತ್ರ ಒಂದ್ ಮಾತಾಡಕ್ಕೆ ಏನ್ ಬಂದಿರೋದು ನಿಮ್ಗೆ?"

ನಾನು ನಕ್ಕು ಒಣಗಿದ ಎಲೆ ಕೀಳತೊಡಗಿದೆ.

"ಯಾಕಿಂಗೆ ಸೊರಗವೆ? ಒಂದ್ ಚಮಚ ಯೂರಿಯಾ ಹಾಕ್ಬಿಡಿ, ಹೆಂಗ್ ಎದ್ದು ಕುಣಿಯುತ್ತೆ ನೋಡ್ತಾ ಇರಿ. ನಮ್ಮೂರಲ್ಲಿ ಅದಿಲ್ದೆ ಹುಲ್ಲೂ ಬೆಳೆಯಲ್ಲ. ಯುಗಾದಿಗೆ ಊರಿಗೆ ಹೋಗ್ತೀನಲ್ಲ, ನಮ್ಮಣ್ಣನ ಮನೇಲಿ ಮೂಟೆನೇ ಇದೆ, ಒಂದ್ ಕವರ್ ತರ್ತೀನಿ."

"ಬೇಡ" ಎಂದೆ. ನನ್ನ 'ಬೇಡ' ಯಾರಿಗೂ ಕೇಳಿಸುವುದಿಲ್ಲ. ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಯೂರಿಯಾ ಎಂದರೆ ನಮ್ಮೂರಲ್ಲಿ ಸೀಮೆ ಗೊಬ್ಬರ. ಅದು ಮೊದಲು ಊರಿಗೆ ಬಂದಾಗ ನಾನು ಲಂಗ ಹಾಕುತ್ತಿದ್ದೆ. ಅಪ್ಪ ನನ್ನ ಅಂಗೈಯಲ್ಲಿ ನಾಲ್ಕು ಕಾಳು ಇಟ್ಟು ಮೇಲೆ ನೀರು ಬಿಟ್ಟರು. ಕಾಳು ಕರಗಿ ಅಂಗೈ ಬಾವಿ ನೀರಿನಲ್ಲಿ ಅದ್ದಿದಂತೆ ತಣ್ಣಗಾಯಿತು. "ನೋಡು, ಇದು ನೆಲದ ಬಿಸಿ ಹೀರುತ್ತೆ" ಎಂದರು ಅಪ್ಪ. ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಆ ವರ್ಷ ಪಕ್ಕದ ಹೊಲದವರು ಬದನೆಗೆ ಅದನ್ನು ಕೈ ತುಂಬ ಎರಚಿದರು. ಎಲೆ ಆನೆ ಕಿವಿಯಾಯಿತು, ಹೂವು ನಿಲ್ಲಲಿಲ್ಲ. ಅಪ್ಪ ಬೇಲಿಯ ಈಚೆ ನಿಂತು, "ಎಲೆ ಕೊಬ್ಬಿತು, ಕಾಯಿ ಕೆಟ್ಟಿತು" ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಯುಗಾದಿ ಬಂತು. ಅವಳು ಊರಿಗೆ ಹೋಗಿ ಬಂದಳು. ಎರಡು ವಾರದಲ್ಲಿ ನನ್ನ ಗಿಡಗಳು ಬದಲಾದವು.

ಎಲೆಗಳು ಅಗಲವಾದವು. ಬಣ್ಣ ಕಡು ಹಸಿರು, ಹೆಚ್ಚು ಕಡಿಮೆ ಕಪ್ಪು. ಕಾಂಡ ಬೆರಳಿನಷ್ಟು ದಪ್ಪವಾಯಿತು. ನೋಡಿದವರೆಲ್ಲ ಹೊಗಳಿದರು. ನಿಮ್ಮಪ್ಪ ಫೋಟೋ ತೆಗೆದು ಯಾರ್ಯಾರಿಗೋ ಕಳಿಸಿದರು. ನನಗೆ ಮಾತ್ರ ಆ ಹಸಿರು ನೋಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಇಷ್ಟು ಹಸಿರು ನಮ್ಮ ಗೊಬ್ಬರದ ಹಸಿರಲ್ಲ. ಮೊಗ್ಗು ಬಂತು, ಹೂವಾಯಿತು, ತೊಟ್ಟು ಹಳದಿಯಾಗಿ ಉದುರಿತು. ದಿನಾ ಬೆಳಗ್ಗೆ ಬಕೆಟ್ಟಿನ ಸುತ್ತ ಬಿದ್ದ ನೇರಳೆ ಹೂಗಳನ್ನು ನಾನು ಆರಿಸುತ್ತಿದ್ದೆ.

ಯಾರೋ ಕದ್ದು ಸೀಮೆ ಗೊಬ್ಬರ ಹಾಕುತ್ತಿದ್ದಾರೆ ಎಂದು ಗಟ್ಟಿ ಮಾಡಿಕೊಂಡೆ. ಆ 'ಯಾರೋ' ಯಾರು ಎಂಬುದೂ ಗಟ್ಟಿಯಾಗಿತ್ತು. ಅವಳು ನನ್ನ ಜೊತೆ ನಗುವುದು, "ಗಿಡ ಚೆನ್ನಾಗ್ ಬಂದವೆ ಕಣಮ್ಮಾ, ನಾನ್ ಹೇಳಿರ್ಲಿಲ್ವಾ?" ಎನ್ನುವುದು, ಬೇಕೆಂದೇ ಬಟ್ಟೆಯನ್ನು ಗಿಡದ ಕಡೆಯ ತಂತಿಗೇ ಹಾಕುವುದು, ಎಲ್ಲಕ್ಕೂ ನನ್ನ ಹತ್ತಿರ ಅರ್ಥ ಸಿದ್ಧವಾಗಿತ್ತು.

"ಕೇಳ್ಬಿಡಮ್ಮ, ಒಂದ್ ಮಾತು. ಬಾಯಲ್ಲಿ ಮುತ್ತು ಉದುರುತ್ತಾ?" ಎಂದಳು ನಿಮ್ಮಮ್ಮ.

"ಕೇಳಿದ್ರೆ ಹೌದು ಅಂತಾಳಾ?"

"ಇಲ್ಲ ಅಂದ್ರೆ ನಂಬ್ತೀಯಾ?"

ಗಿಡದ ಮೈಯಲ್ಲಿ ಸೇರಿದ ಆ ನಂಜು ಇಳಿಸುವುದು ಹೇಗೆ ಎಂದು ಯೋಚಿಸುತ್ತಿದ್ದೆ. ನಮ್ಮ ಗೊಬ್ಬರ ಹೆಚ್ಚು ಕೊಟ್ಟರೆ ಅದು ಇಳಿದೀತು ಎನಿಸಿತು. ವಾರಕ್ಕೊಮ್ಮೆ ಇದ್ದ ಹಿಂಡಿ ನೀರನ್ನು ದಿನಾ ಮಾಡಿದೆ. ಆಮೇಲೆ ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು.

ಹೀಗಿರುವಾಗ ಸಾಕ್ಷಿ ಸಿಕ್ಕಿತು. ಒಂದು ಬೆಳಗ್ಗೆ ನಡುವಿನ ಬಕೆಟ್ಟಿನ ಬುಡದಲ್ಲಿ, ಮಣ್ಣಿನ ಮೇಲೆ, ಬಿಳಿ ಕಾಳುಗಳು. ದುಂಡಗೆ, ಸಣ್ಣಗೆ, ಮುತ್ತಿನ ಹಾಗೆ. ಅಪ್ಪ ನನ್ನ ಅಂಗೈಯಲ್ಲಿ ಇಟ್ಟಿದ್ದವೇ. ಹಿಂದಿನ ಸಂಜೆ ಅವಳು ಬಿಳಿ ಕವರ್ ಹಿಡಿದು ತಾರಸಿಗೆ ಹೋಗುವುದನ್ನು ಕಿಟಕಿಯಿಂದ ಕಂಡಿದ್ದೆ. ನಾನು ಒಂದೊಂದೇ ಕಾಳು ಆರಿಸಿ ಕ್ಯಾಲೆಂಡರ್ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ವಿಭೂತಿ ಡಬ್ಬಿಯ ಹಿಂದೆ ಇಟ್ಟೆ. ಪೂಜೆಗೆ ಕೂತಾಗಲೂ ನನ್ನ ಕಣ್ಣು ಆ ಪೊಟ್ಟಣದ ಮೇಲೇ.

ಅವತ್ತೇ ತಾರಸಿಗೆ ಬೀಗ ಹಾಕಿದೆ. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅವತ್ತು ಅವಳಿಗೆ ರಜೆ, ಮಧ್ಯಾಹ್ನ ಮೇಲೆ ಬಂದಳು. ಕೈಯಲ್ಲಿ ಎರಡು ದೊಡ್ಡ ತಟ್ಟೆ, ಮೇಲೆ ಹಳೆ ಸೀರೆಯ ಮುಸುಕು. ಸಂಡಿಗೆ. ಬೆಳಗ್ಗೆಯಷ್ಟೇ ಬಿಟ್ಟದ್ದು, ಇನ್ನೂ ಹಸಿಯಿತ್ತು.

"ಅಮ್ಮಾ, ಬೀಗ ಹಾಕೈತಲ್ಲ?"

"ಕೀ ಕಳೆದ್ಹೋಗಿದೆ."

ನನ್ನ ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳು ಕಡಿಮೆ. ಇದನ್ನು ಮಾತ್ರ ಬಲು ಸಲೀಸಾಗಿ ಹೇಳಿದೆ.

ಅವಳು ಬೀಗ ನೋಡಿದಳು, ನನ್ನನ್ನು ನೋಡಿದಳು. "ಮಿನಿಸ್ಟ್ರಿಗೂ ಇಲ್ಲ ಕಣಮ್ಮ ಇಂಥ ಸೆಕ್ಯೂರಿಟಿ, ಆ ಬದನೆ ಗಿಡಕ್ಕೆ ಕೊಟ್ಟಿದೀರ" ಎಂದು ನಗುತ್ತಲೇ ಅಂದಳು. ಆದರೆ ಇಳಿಯುವಾಗ ಹಾಡು ಗುನುಗಲಿಲ್ಲ. ದಿನಾ ಗುನುಗುತ್ತಿದ್ದವಳು.

ಮೂರು ದಿನ ಸಂಜೆ ಮಳೆ ಹೊಯ್ಯಿತು. ಅವಳು ಸಂಡಿಗೆಯನ್ನು ಮನೆಯೊಳಗೆ ಫ್ಯಾನ್ ಕೆಳಗೆ ಹರವಿದ್ದಳಂತೆ. ಎಲ್ಲಕ್ಕೂ ಬೂಷ್ಟು ಬಂತು. ನಾಲ್ಕನೆಯ ದಿನ ಕಸದ ಗಾಡಿಗೆ ಅವಳು ಒಂದು ದೊಡ್ಡ ಪಾತ್ರೆ ಬರಿದು ಮಾಡುವುದನ್ನು ನೋಡಿದೆ. ಅದು ಮಗಳ ಸೀಮಂತಕ್ಕೆಂದು ಮಾಡಿದ್ದು ಎಂದು ನಿಮ್ಮಮ್ಮನಿಂದ ತಿಳಿಯಿತು. ಆದರೂ ನನ್ನೊಳಗಿನ ಅನುಮಾನ ಬಿಡಲಿಲ್ಲ. ಅಯ್ಯೋ ಅನ್ನಿಸಲಿ ಎಂದೇ ನನ್ನ ಕಣ್ಣಿಗೆ ಬೀಳುವ ಹಾಗೆ ಸುರಿದಳೇನೋ ಎಂದುಕೊಂಡೆ. ನೋಡಿ, ಮನಸ್ಸು ಒಂದು ದಾರಿ ಹಿಡಿದರೆ ಎಲ್ಲಿಯವರೆಗೆ ಹೋಗುತ್ತದೆ.

ಬೀಗ ಹಾಕಿ ಎರಡು ವಾರವಾದರೂ ಗಿಡ ಸುಧಾರಿಸಲಿಲ್ಲ. ಮೂರರಲ್ಲಿ ಒಂದರ ಎಲೆ ಅಂಚಿನಿಂದ ಸುಟ್ಟಂತೆ ಕಂದಾಯಿತು. ಎರಡೇ ದಿನಕ್ಕೆ ಅದು ತಲೆ ಬಾಗಿಸಿತು. ಅವಳು ಮೊದಲೇ ಹಾಕಿದ್ದು ಈಗ ಕೆಲಸ ಮಾಡುತ್ತಿದೆ ಎಂದುಕೊಂಡೆ. ನಿಮ್ಮಪ್ಪನ ಮುಂದೆ ಪೊಟ್ಟಣ ಬಿಚ್ಚಿ, ಕೆಳಗಿನವರನ್ನು ಮನೆ ಬಿಡಿಸಿ ಎಂದು ಹೇಳುವುದೇ ಸರಿ ಎನಿಸಿತು. ಆದರೆ ಅದಕ್ಕೆ ಮುಂಚೆ ಯಾರಾದರೂ ತಿಳಿದವರು ನೋಡಿ 'ಹೌದು' ಎನ್ನಬೇಕಿತ್ತು. ಪೊಟ್ಟಣವನ್ನೂ ಕಂದಿದ ಒಂದು ಎಲೆಯನ್ನೂ ಚೀಲದಲ್ಲಿ ಇಟ್ಟುಕೊಂಡು, ಮಾಗಡಿ ರಸ್ತೆಯವರೆಗೆ ನಡೆದು, ಬಸ್ಸು ಹಿಡಿದು ಬ್ಯಾಡರಹಳ್ಳಿಗೆ ಹೋದೆ. ಅಲ್ಲಿ ಬೀಜ, ಗೊಬ್ಬರ ಮಾರುವ ಹಳೆಯ ಅಂಗಡಿಯಿತ್ತು.

ಗಿರಾಕಿಗಳೆಲ್ಲ ಹೋಗುವವರೆಗೆ ಕಂಬದ ಪಕ್ಕ ನಿಂತಿದ್ದೆ. ಅಂಗಡಿಯವರು, ನನ್ನದೇ ವಯಸ್ಸಿನವರು, ತಾವಾಗಿ ಕರೆದರು. "ಏನ್ ಬೇಕು ತಾಯಿ? ಆಗ್ಲಿಂದ ನಿಂತಿದೀರಾ."

ಪೊಟ್ಟಣ ಬಿಚ್ಚಿ ಮುಂದಿಟ್ಟೆ. "ಇದು ಯೂರಿಯಾ ತಾನೇ?"

"ಯಾರು ಹೇಳಿದ್ದು?"

"ನಂಗೇ ಗೊತ್ತು."

ಅವರು ಕನ್ನಡಕ ಏರಿಸಿ ನೋಡಿದರು. ತುಟಿ ಅಂಚಿನಲ್ಲಿ ನಗು ಬಂತು. "ಕೈ ಹಿಡೀರಿ" ಎಂದು ನನ್ನ ಎಡ ಅಂಗೈಯಲ್ಲಿ ನನ್ನ ಕಾಳು ಐದಾರು ಇಟ್ಟರು. ಒಳಗೆ ಹೋಗಿ ಮೂಟೆಯಿಂದ ಚಿಟಿಕೆ ತಂದು ಬಲ ಅಂಗೈಯಲ್ಲಿ ಇಟ್ಟರು. ಎರಡೂ ನೋಡಲು ಅಕ್ಕತಂಗಿಯರು. ಆಮೇಲೆ ಬಾಟಲಿಯಿಂದ ಎರಡರ ಮೇಲೂ ನೀರು ಬಿಟ್ಟರು.

ಬಲ ಅಂಗೈ ತಣ್ಣಗಾಯಿತು. ಅರವತ್ತು ವರ್ಷದ ಹಿಂದಿನ ಅದೇ ತಂಪು. ಕಾಳು ಕರಗಿ ಮಾಯವಾದವು. ಎಡ ಅಂಗೈಯಲ್ಲಿ ಏನೂ ಆಗಲಿಲ್ಲ. ಕಾಳುಗಳು ಕಲ್ಲಿನ ಹಾಗೆ ಕೂತಿದ್ದವು.

"ಅದು ಪಾಯಸಕ್ಕೆ ಹಾಕೋದು ತಾಯಿ, ಪೈರಿಗಲ್ಲ. ಸಬ್ಬಕ್ಕಿ."

ಒಂದು ಗಳಿಗೆ ಈ ಮನುಷ್ಯನ ಮೇಲೂ ಅನುಮಾನ ಬಂತು. ಅಲ್ಲೇ ಒಂದು ಕಾಳು ಬಾಯಿಗೆ ಹಾಕಿ ಕಡಿದೆ. ಹಿಟ್ಟು ಹಲ್ಲಿಗೆ ಅಂಟಿತು. ಸಬ್ಬಕ್ಕಿಯೇ. ಅವಳು ಸಂಡಿಗೆಗೆ ನೆನೆಹಾಕುವ ಮುಂಚೆ ತಾರಸಿಯ ಗಾಳಿಗೆ ಕೇರಿ ಹಸನು ಮಾಡಿದಾಗ ಚೆಲ್ಲಿದ್ದು.

ನಾನು ಎಲೆ ತೋರಿಸಿದೆ.

"ಗಿಡಕ್ಕೆ ಏನ್ ಹಾಕ್ತೀರಾ?"

"ಏನೂ ಹಾಕಲ್ಲ. ಬರೀ ಹಿಂಡಿ ನೀರು."

"ಎಷ್ಟು ದಿನಕ್ಕೊಂದ್ಸಲ?"

"ದಿನಾ. ಎರಡು ಹೊತ್ತು."

"ನೆಲದಲ್ಲಾ?"

"ಪೇಂಟ್ ಬಕೆಟ್ಟಲ್ಲಿ."

ಅವರು ಕುರ್ಚಿಗೆ ಒರಗಿದರು. "ಬಾಣಂತಿಗೆ ತುಪ್ಪ ಒಳ್ಳೇದು ಅಂತ ಕೊಪ್ಪರಿಗೇಲಿ ಮುಳುಗಿಸ್ತೀರಾ ತಾಯಿ? ಯೂರಿಯಾದಲ್ಲಿ ಯಾವ ಸತ್ವ ಇದೆಯೋ ಹಿಂಡೀಲೂ ಅದೇ ಇರೋದು. ಅದು ಓಡ್ತಾ ಬರುತ್ತೆ, ಇದು ನಡ್ಕೊಂಡ್ ಬರುತ್ತೆ, ಅಷ್ಟೇ. ಹೊಲದಲ್ಲಾದ್ರೆ ಬೇರು ಅತ್ಲಾಗೋ ಇತ್ಲಾಗೋ ಹೋಗಿ ತಪ್ಪಿಸ್ಕೊಳುತ್ತೆ. ಬಕೆಟ್ಟಲ್ಲಿ ಪಾಪ ಎಲ್ಲಿಗೆ ಹೋಗುತ್ತೆ?"

ಅಪ್ಪನ ಕೈಯ ಒಂದು ಹಿಡಿ ಹಿಂಡಿ ನನಗೆ ನೆನಪಿತ್ತು. ಆ ಹಿಡಿಯ ಕೆಳಗೆ ಇದ್ದ ಹೊಲ ಮರೆತುಹೋಗಿತ್ತು. ಇಡೀ ಬೆಳೆಗೆ ಅವರು ಹಾಕಿಸುತ್ತಿದ್ದದ್ದು ಎರಡೇ ಸಲ ಎಂಬುದೂ. ಗೊಬ್ಬರದ ಚೀಲ, ಹಸು, ಕೆಳಗಿನ ಮನೆಯವಳು, ಅಂಗಡಿಯವರು, ಎಲ್ಲರನ್ನೂ ಅನುಮಾನಿಸಿದ್ದೆ. ಚೊಂಬು ಹಿಡಿದ ನನ್ನ ಕೈಯೊಂದನ್ನು ಬಿಟ್ಟು.

"ಹಿಂಡಿ ನಿಲ್ಸಿ. ಎರಡು ದಿನ ಬರೀ ನೀರು ಹಾಕಿ, ತಳದ ತೂತಿಂದ ಹರಿದು ಹೋಗೋ ತನಕ. ಆಮೇಲೆ ಅದರ ಪಾಡಿಗೆ ಬಿಡಿ. ಸ್ವಲ್ಪ ಹಸಿವಾಗ್ಲಿ ಅದಕ್ಕೆ" ಎಂದರು. ಉಳಿದ ಕಾಳುಗಳನ್ನು ಅವರೇ ಮಡಿಸಿ ಕೊಟ್ಟರು. "ಪಾಯಸ ಮಾಡ್ಕೊಳಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಏನು ಹೇಳುವುದೆಂದು ಮಾತು ಜೋಡಿಸಿದೆ. ಮನೆ ಹತ್ತಿರ ಬಂದಂತೆ ಎಲ್ಲ ಮರೆತುಹೋಯಿತು. ಸಂಜೆ ಅವಳು ಕೆಲಸದಿಂದ ಬಂದು ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ನಿಂತಿದ್ದೆ.

"ತಾರಸಿ ಬಾಗ್ಲು ತೆಗ್ದಿದೀನಿ" ಎಂದೆ.

"ಕೀ ಸಿಕ್ತಾ?"

"ಸಿಕ್ತು."

"ಎಲ್ಲಿತ್ತು?"

ಬೇರೆ ಏನಾದರೂ ಹೇಳಬಹುದಿತ್ತು. "ನನ್ ಸೊಂಟದಲ್ಲೇ ಇತ್ತು" ಎಂದೆ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಪೊಟ್ಟಣ ಬಿಚ್ಚಿ ತೋರಿಸಿದೆ. "ನೀನು ಚೆಲ್ಲಿದ್ದ ಸಬ್ಬಕ್ಕೀನ ಯೂರಿಯಾ ಅಂದ್ಕೊಂಡೆ."

ಅವಳು ಜೋರಾಗಿ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಳು.

"ಕೇಳಿದ್ರೆ ಹೇಳ್ತಿದ್ನಲ್ಲಮ್ಮ" ಎಂದಳು. "ನೀವ್ ಬೇಡ ಅಂದ್ರಿ ಅಂತ ಯೂರಿಯಾ ತರ್ಲೇ ಇಲ್ಲ ನಾನು."

ನನ್ನ 'ಬೇಡ' ಅವಳಿಗೆ ಕೇಳಿಸಿತ್ತು.

ಆ ಭಾನುವಾರ ಬೆಳಗ್ಗೆ ನಾನೇ ಸಬ್ಬಕ್ಕಿ ನೆನೆಹಾಕಿ, ಬೇಯಿಸಿ, ಹಸಿಮೆಣಸಿನಕಾಯಿ ಜೀರಿಗೆ ಅರೆದು ಹಾಕಿ, ಬಿಸಿ ಪಾತ್ರೆಯನ್ನು ತಾರಸಿಗೆ ಒಯ್ದೆ. ಅವಳನ್ನು ಕರೆಯಲು ಬಾಯಿ ಬರಲಿಲ್ಲ. ಒಬ್ಬಳೇ ಪ್ಲಾಸ್ಟಿಕ್ ಹಾಳೆ ಹಾಸಿ ಚಮಚದಲ್ಲಿ ಬಿಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅವಳೇ ಬಂದು ಹಾಳೆಯ ಇನ್ನೊಂದು ತುದಿಯಲ್ಲಿ ಕೂತಳು.

"ಇಷ್ಟ್ ದಪ್ಪ ಬಿಟ್ರೆ ಒಣಗಕ್ಕೆ ದೀಪಾವಳಿ ಆಗುತ್ತೆ. ಸರೀರಿ ಆಕಡೆ" ಎಂದಳು. ಚಮಚ ನನ್ನ ಕೈಯಿಂದ ತೆಗೆದುಕೊಂಡು, "ಗಿಡದ ಹತ್ರ ಚೆಲ್ಬೇಡಿ ಮತ್ತೆ, ಪೊಲೀಸ್ ಬರ್ತಾರೆ" ಎಂದಳು. ಆಗ ಇಬ್ಬರಿಗೂ ನಗು ಬಂತು. ಅವಳ ಮಗಳ ಸೀಮಂತಕ್ಕೆ ಆ ಸಂಡಿಗೆಯೇ ಹೋಯಿತು.

ಒಂದು ಗಿಡ ಸತ್ತಿತು. ಎರಡು ಉಳಿದವು. ಕಪ್ಪು ಹಸಿರು ನಿಧಾನವಾಗಿ ತಿಳಿಯಾಯಿತು, ಹೂವು ನಿಂತಿತು. ಎರಡೂ ಸೇರಿ ಬಿಟ್ಟದ್ದು ಏಳೇ ಕಾಯಿ. ಮೊದಲನೆಯದನ್ನು ಕೆಳಗಿನ ಮನೆಗೆ ಕೊಟ್ಟೆ. ಒಂದನ್ನು ಹಳದಿಯಾಗಲು ಬಿಟ್ಟು, ಅದಕ್ಕೆ ಹಳೆ ರವಿಕೆ ಬಟ್ಟೆ ಕಟ್ಟಿ ಪಾರಿವಾಳದಿಂದ ಕಾಪಾಡಿದೆ. ಆ ಬೀಜದಿಂದ ಎರಡು ಸಗಣಿ ಬಿಲ್ಲೆ ತಟ್ಟಿದೆ. ಸಗಣಿ ಅದೇ ಕಾಮಾಕ್ಷಿಪಾಳ್ಯದ ಹಸುವಿನದು. ಪೋಸ್ಟರು ತಿಂದರೂ ಸಗಣಿ ಸಗಣಿಯೇ ಎಂದು ಒಪ್ಪಿಕೊಂಡೆ, ಪೂರ್ತಿ ಮನಸ್ಸಿನಿಂದಲ್ಲ.

ಒಂದು ಬಿಲ್ಲೆ ಆ ಸಬ್ಬಕ್ಕಿ ಪೊಟ್ಟಣದ ಜೊತೆ ನನ್ನ ಡಬ್ಬಿಯಲ್ಲಿದೆ. ಇನ್ನೊಂದನ್ನು ಅವಳಿಗೆ ಕೊಟ್ಟೆ. ಅವಳೀಗ ಬ್ಯಾಡರಹಳ್ಳಿಯಲ್ಲಿ ಸ್ವಂತ ಶೀಟ್ ಮನೆ ಕಟ್ಟಿಸಿಕೊಂಡು ಹೋಗಿದ್ದಾಳೆ. ಹಿತ್ತಲಿದೆಯಂತೆ, ಬದನೆ ಸೊಂಟದೆತ್ತರ ಬಂದಿದೆಯಂತೆ. ಸೊಂಟದೆತ್ತರ ಎಂದ ಕೂಡಲೇ ನನಗೆ ಯೂರಿಯಾದ ಅನುಮಾನ ಬಂತು. ಆ ಚಟ ಪೂರ್ತಿ ಹೋಗುವುದಿಲ್ಲ ಮಕ್ಕಳೇ. ಆದರೆ ಈ ಸಲ ಒಳಗೆ ಇಟ್ಟುಕೊಳ್ಳಲಿಲ್ಲ, ಫೋನಿನಲ್ಲೇ ಕೇಳಿದೆ. "ಹಾಕಿದೀನಿ ಕಣಮ್ಮ, ಅರ್ಧ ಚಮಚ, ಒಂದೇ ಸಲ. ಕಾಯೂ ಬಿಟ್ಟವೆ, ಬಂದು ನೋಡಿ" ಎಂದಳು. ಮುಂದಿನ ವಾರ ಹೋಗುತ್ತೇನೆ. ನೋಡದೆ ನಾನು ನಂಬುವವಳಲ್ಲ.

ಈ ಹಾಳೆಗಳನ್ನು ನಾಲ್ಕಾಗಿ ಮಡಿಸಿ ಬಿಲ್ಲೆಯ ಕೆಳಗೆ ಇಡುತ್ತಿದ್ದೇನೆ. ಹಳೆ ಪೇಪರಿನ ಜೊತೆ ಗುಜರಿಯವನಿಗೆ ಹಾಕಲು ನಿಮ್ಮಮ್ಮನಿಗೆ ಬಿಡಬೇಡಿ. ಬಿಲ್ಲೆಯನ್ನು ನಾಲ್ಕು ವರ್ಷದೊಳಗೆ ಒಡೆದು ಬಿತ್ತಿ, ಹೊಸದು ತಟ್ಟಿ. ಬಿತ್ತುವ ಮುಂಚೆ ಇದನ್ನು ಒಮ್ಮೆ ಓದಿ, ಹೊಸ ಬಿಲ್ಲೆಯ ಕೆಳಗೆ ಮತ್ತೆ ಇಡಿ. ನೀರು ಸೋಕದಂತೆ ಜೋಪಾನವಾಗಿರಲಿ.